ಕಬ್ಬಿಣ ಸಾಲದಾದಾಗ ಬ್ಯಾಕ್ಟೀರಿಯಾಕ್ಕೆ ಗೊತ್ತಾಗೋದು ಹೇಗೆ?

ಕಬ್ಬಿಣ ಸಾಲುತ್ತಿಲ್ಲ ಅಂತ ಬ್ಯಾಕ್ಟೀರಿಯಾಕ್ಕೆ ಹೇಗೆ ತಿಳಿಯುತ್ತೆ, ಬಿಗಿಯಾಗಿ ಹಿಡಿದ ಕಬ್ಬಿಣವನ್ನು ಆಮೇಲೆ ಬಿಡಿಸಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಎರಡನೆಯದು ನನಗೆ ತುಂಬ ಇಷ್ಟವಾದ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ, ಇ. ಕೋಲೈನಲ್ಲಾದರೆ, ಫರ್ ಎಂಬ ಪ್ರೋಟೀನ್. ಕೋಶದೊಳಗೆ ಕಬ್ಬಿಣ ಸಾಕಷ್ಟಿದ್ದಾಗ ಅದು ಕಬ್ಬಿಣದ ಜೊತೆಗೂಡಿ ಡಿಎನ್‌ಎ ಮೇಲೆ ಕೂತು ಸಿಡರೋಫೋರ್ (ಹೊರಗಿನ ಕಬ್ಬಿಣವನ್ನು ಹಿಡಿದು ತರುವ ಅಣು) ತಯಾರಿಸುವ ಜೀನ್‌ಗಳನ್ನು ತಡೆದಿರುತ್ತೆ. ಕಬ್ಬಿಣ ಇಳಿದರೆ ಫರ್ ಕಳಚಿಕೊಳ್ಳುತ್ತೆ, ಎಂಟರೋಬ್ಯಾಕ್ಟಿನ್ ಎಂಬ ಸಿಡರೋಫೋರ್ ತಯಾರಿ ಶುರುವಾಗುತ್ತೆ.

ಈ ಅಣು ಹೊರಗೆ ಹೋಗಿ ತನ್ನ 6 ಆಕ್ಸಿಜನ್ ಪರಮಾಣುಗಳಿಂದ ಫೆರಿಕ್ (Fe³⁺ ರೂಪದ) ಕಬ್ಬಿಣವನ್ನು ಹಿಡಿಯುತ್ತೆ. ಹಿಡಿತ ಎಷ್ಟು ಗಟ್ಟಿ ಅಂದ್ರೆ, ಒಳಗೆ ಬಂದಮೇಲೆ ಫೆಸ್ ಎಂಬ ಕಿಣ್ವ ಆ ಅಣುವನ್ನೇ ಕತ್ತರಿಸಬೇಕು. ಅಷ್ಟು ಶಕ್ತಿ ಸುರಿದು ಕಟ್ಟಿದ್ದು ಒಂದೇ ಬಳಕೆಗೆ ಮುಗಿಯಿತು! ಎಲ್ಲವೂ ಹೀಗಲ್ಲ. ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ತನ್ನ ಸಿಡರೋಫೋರ್ ಆದ ಪಯೋವರ್ಡಿನ್‌ನಿಂದ ಕಬ್ಬಿಣವನ್ನಷ್ಟೇ ಬಿಡಿಸಿಕೊಂಡು ಅಣುವನ್ನು ಮತ್ತೆ ಹೊರಗೆ ಕಳಿಸುತ್ತೆ.

ಕಣ್ಣಾರೆ ನೋಡಬೇಕಿದ್ದರೆ ಸಿಎಎಸ್ ಅಗರ್ (ಕಬ್ಬಿಣ ಹಿಡಿದ ನೀಲಿ ಬಣ್ಣ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್) ಬಳಸಿ. ನೀಲಿ ತಟ್ಟೆಯಲ್ಲಿ ಕಾಲೊನಿಯ ಸುತ್ತ, ಸಿಡರೋಫೋರ್ ಕಬ್ಬಿಣ ಕಿತ್ತುಕೊಂಡಲ್ಲಿ, ಕಿತ್ತಳೆ ಬಣ್ಣದ ಬಳೆ ಮೂಡುತ್ತೆ. ಗಾಜಿನ ಪಾತ್ರೆಗಳನ್ನು ಮಾತ್ರ ಮೊದಲೇ ಆಮ್ಲದಲ್ಲಿ ತೊಳೆದುಕೊಳ್ಳಿ, ಅಂಟಿಕೊಂಡ ಚೂರು ಕಬ್ಬಿಣವೂ ಫಲಿತಾಂಶ ಕೆಡಿಸಬಹುದು.