ಲಡಾಖ್‌ಗೆ ಹೊರಟ ಸೈನಿಕನಿಗೆ ಎಂಥ ಮಡಚುವ ಚಾಕು ಕೊಡಬೇಕು?

ನಿಮ್ಮ ತಮ್ಮನವರಿಗೆ ಲಡಾಖ್ ಕಡೆ ಪೋಸ್ಟಿಂಗ್ ಆಗಿದೆ, ಎರಡು ವರ್ಷ ಕೈಕೊಡದೆ ಬಾಳುವ ಗಟ್ಟಿಮುಟ್ಟಾದ ಮಡಚುವ ಚಾಕು ಉಡುಗೊರೆ ಕೊಡಬೇಕು, ಯಾವ ಸ್ಟೀಲ್ ನೋಡಲಿ ಎಂದು ಕೇಳಿದ್ದೀರಿ. ಸ್ಟೀಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನೋಡಬೇಕಾದದ್ದು ಕೀಲು. ಮಡಚುವ ಚಾಕು ಎಂದರೆ ಒಂದೇ ಒಂದು ತಿರುಪಿನ ಮೇಲೆ ಕೂಡಿಕೊಂಡ ಎರಡು ತುಂಡು. ಅಲಗು ಎಷ್ಟೇ ಒಳ್ಳೆಯದಿರಲಿ, ತೆರೆದ ಅಲಗನ್ನು ಮಡಚದಂತೆ ಹಿಡಿದಿಡುವ ಲಾಕ್ ಜಾರಿದರೆ ಅದು ಬಂದು ಕೂರುವುದು ಹಿಡಿದವರ ಬೆರಳಿನ ಮೇಲೆ. ಗಾಯಾಳುವನ್ನು ಕೆಳಗಿಳಿಸಲು ಹೆಲಿಕಾಪ್ಟರ್ ಬರಬೇಕಾದ ಜಾಗದಲ್ಲಿ ಬೆರಳು ಕತ್ತರಿಸಿಕೊಳ್ಳುವುದು ಸಣ್ಣ ಮಾತಲ್ಲ.

ಈ ಚಾಕುವಿಗೆ ಅಲ್ಲಿ ಬೀಳುವ ಕೆಲಸ ಏನು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ರೇಷನ್ ಡಬ್ಬದ ಪಟ್ಟಿ ಕತ್ತರಿಸುವುದು, ನೈಲಾನ್ ಹಗ್ಗ, ಬೆಲ್ಟಿನ ಪಟ್ಟಿ, ಟಾರ್ಪಾಲ್, ಟೇಪು, ವೈರಿನ ಸಿಪ್ಪೆ ಸುಲಿಯುವುದು, ಈರುಳ್ಳಿ ಹೆಚ್ಚುವುದು. ದಿನಕ್ಕೆ ಹತ್ತು ಸಲ ಬರುವ ಕೆಲಸ ಇವೇ. ಚಾಕು ಮುರಿಯುವುದು ಮಾತ್ರ ಬೇರೆ ಮೂರು ಕೆಲಸಗಳಲ್ಲಿ: ಮರದ ಪೆಟ್ಟಿಗೆಯ ಮುಚ್ಚಳ ಮೀಟುವಾಗ, ಕಟ್ಟಿಗೆ ಸೀಳಲೆಂದು ಅಲಗಿನ ಬೆನ್ನಿಗೆ ಕಲ್ಲಿನಿಂದ ಹೊಡೆಯುವಾಗ, ಮಂಜುಗಡ್ಡೆ ಕುಕ್ಕುವಾಗ. ಮೀಟಿದರೆ ಮೊನೆ ಮುರಿಯುತ್ತದೆ, ಇಲ್ಲವೇ ಕೀಲಿನ ತೂತು ಹಿಗ್ಗುತ್ತದೆ. ಬೆನ್ನಿಗೆ ಬಿದ್ದ ಪ್ರತಿ ಏಟೂ ನೇರ ಲಾಕ್‌ಗೆ ಹೋಗುತ್ತದೆ. ಎಷ್ಟೇ ದುಬಾರಿ ಮಡಚುವ ಚಾಕು ತಂದರೂ ಇದು ತಪ್ಪುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರು ಕತ್ತಿಯ ಕೆಲಸವನ್ನು ಜೇಬಿನ ಚಾಕುವಿಗೆ ಹೇಳುವುದಿಲ್ಲ. ತಮ್ಮನವರಿಗೂ ಇದನ್ನು ಬಾಯಿಬಿಟ್ಟು ಹೇಳಿ ಕೊಡಿ.

ಅಳತೆ: ಅಲಗು 8ರಿಂದ 9.5 ಸೆಂ.ಮೀ., ಬೆನ್ನಿನ ದಪ್ಪ 3ರಿಂದ 3.5 ಮಿ.ಮೀ., ಒಟ್ಟು ತೂಕ 150 ಗ್ರಾಂ ಒಳಗೆ ಇದ್ದರೆ ಸಾಕು. 4 ಮಿ.ಮೀ. ದಾಟಿದ ಅಲಗು ಗಟ್ಟಿಯಾಗಿ ಕಾಣುತ್ತದೆ, ಆದರೆ ರಟ್ಟು ಕತ್ತರಿಸುವಾಗ ಆಪಿನಂತೆ ಸಿಕ್ಕಿಕೊಳ್ಳುತ್ತದೆ. ತೂಕ ಹೆಚ್ಚಾದರೆ ಚಾಕು ಜೇಬಿನಿಂದ ಚೀಲಕ್ಕೆ ಹೋಗುತ್ತದೆ, ಬೇಕಾದಾಗ ಕೈಗೆ ಸಿಗುವುದಿಲ್ಲ.

ಇನ್ನು ಲಾಕ್. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಲೈನರ್ ಲಾಕ್. ಹಿಡಿಯ ಒಳಗಿನ ತೆಳು ತಗಡೊಂದು ಬಾಗಿ ಬಂದು ಅಲಗಿನ ಬುಡಕ್ಕೆ ಒತ್ತು ಕೊಡುತ್ತದೆ. ತಗಡು 1.5 ಮಿ.ಮೀ. ಇದ್ದು ಸರಿಯಾಗಿ ಕೂತಿದ್ದರೆ ದಿನದ ಕೆಲಸಕ್ಕೆ ತೊಂದರೆಯಿಲ್ಲ. ಇದರ ದೋಷ ಎರಡು. ದಪ್ಪ ಕೈಗವಸು ಹಾಕಿ ಮುಷ್ಟಿ ಬಿಗಿದು ಹಿಡಿಯನ್ನು ತಿರುಚಿದರೆ ಗವಸಿನ ಬಟ್ಟೆಯೇ ತಗಡನ್ನು ಪಕ್ಕಕ್ಕೆ ತಳ್ಳಬಹುದು. ಅಲಗಿನ ಬುಡದಲ್ಲಿ ಮಣ್ಣೋ ನೂಲಿನ ಎಳೆಯೋ ಸೇರಿಕೊಂಡರೆ ತಗಡು ಅರ್ಧಕ್ಕೇ ನಿಲ್ಲುತ್ತದೆ. ನೋಡುವವರಿಗೆ ಲಾಕ್ ಆದಂತೆಯೇ ಕಾಣುತ್ತದೆ, ಒತ್ತಡ ಬಿದ್ದಾಗ ಜಾರುತ್ತದೆ. ಫ್ರೇಮ್ ಲಾಕ್‌ನಲ್ಲಿ ಹಿಡಿಯ ಒಂದು ಪಕ್ಕವೇ ಲಾಕ್ ಆಗಿರುವುದರಿಂದ ಬಲ ಹೆಚ್ಚು, ಆದರೆ ಅಷ್ಟೂ ಬರಿಯ ಲೋಹ. ಚಳಿಗೆ ಅದು ಬೇಡ.

ಬ್ಯಾಕ್ ಲಾಕ್ ಹಳೆಯ ವಿಧಾನ. ಬೆನ್ನಿನ ಮೇಲೊಂದು ಸರಳು, ಅದರ ಕೊಕ್ಕೆ ಅಲಗಿನ ಕಚ್ಚಿಗೆ ಬೀಳುತ್ತದೆ. ಗವಸು ತಳ್ಳಲು ಪಕ್ಕದಲ್ಲಿ ಏನೂ ಇಲ್ಲ. ಇದನ್ನೇ ಆಂಡ್ರ್ಯೂ ಡೆಮ್ಕೊ ಸುಧಾರಿಸಿ ಮಾಡಿದ್ದು ಟ್ರೈ-ಆ್ಯಡ್ ಲಾಕ್. ಕೋಲ್ಡ್ ಸ್ಟೀಲ್ ಕಂಪನಿಯ ಚಾಕುಗಳಲ್ಲಿ ಬರುತ್ತದೆ. ಅಲಗಿಗೂ ಸರಳಿಗೂ ನಡುವೆ ಒಂದು ಗಟ್ಟಿ ಪಿನ್ ಇಟ್ಟಿದ್ದಾರೆ. ಬೆನ್ನಿಗೆ ಬಿದ್ದ ಭಾರವನ್ನು ಆ ಪಿನ್ ಹೊರುತ್ತದೆ. ಕಚ್ಚು ಸವೆದರೂ ಸರಳು ಇನ್ನಷ್ಟು ಕೆಳಗೆ ಕೂತು ಬಿಗಿಯಾಗುತ್ತದೆ. ಒರಟು ಬಳಕೆಗೆ ಇದಕ್ಕಿಂತ ನಂಬಿಕೆಯ ಲಾಕ್ ಮಡಚುವ ಚಾಕುಗಳಲ್ಲಿ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆ ಬಿಗಿತ: ಹೊಸದರಲ್ಲಿ ಮುಚ್ಚಲು ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು, ಎರಡೂ ಕೈ ಬೇಕು. ಮನೆಯಲ್ಲಿ ಇನ್ನೂರು ಸಲ ತೆರೆದು ಮುಚ್ಚಿದರೆ ಒಂದು ಹದಕ್ಕೆ ಬರುತ್ತದೆ.

ಇನ್ನೊಂದು ಅಡ್ಡಸರಳಿನ ಲಾಕ್. ಬೆಂಚ್‌ಮೇಡ್ ಕಂಪನಿ ಇದನ್ನು ಆ್ಯಕ್ಸಿಸ್ ಎಂದು ಕರೆಯುತ್ತದೆ. ಹಿಡಿಯ ಎರಡೂ ಪಕ್ಕಕ್ಕೆ ಚಾಚಿದ ಸರಳನ್ನು ಹಿಂದಕ್ಕೆ ಎಳೆದರೆ ಸಾಕು, ಗವಸು ಹಾಕಿಯೂ ಆಗುತ್ತದೆ, ಯಾವ ಕೈಯಲ್ಲಾದರೂ ಆಗುತ್ತದೆ, ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರುವುದಿಲ್ಲ. ಒಳಗೆ ತೀರ ತೆಳು ತಂತಿಯ ಎರಡು ಸ್ಪ್ರಿಂಗ್ ಇವೆ. ಒಂದು ಮುರಿದರೂ ಇನ್ನೊಂದರ ಮೇಲೆ ನಡೆಯುತ್ತದೆ. ಎರಡೂ ಹೋದರೆ ಪೋಸ್ಟ್‌ನಲ್ಲಿ ಕೂತು ರಿಪೇರಿ ಮಾಡುವ ವಸ್ತು ಅದಲ್ಲ.

ಗುಂಡಿ ಒತ್ತಿದರೆ ಚಿಮ್ಮುವ ಚಾಕು, ಸ್ವಲ್ಪ ತಳ್ಳಿದರೆ ಸ್ಪ್ರಿಂಗ್‌ನಿಂದ ತೆರೆಯುವ ಚಾಕು, ಎರಡೂ ಬೇಡ. ಕಾನೂನಿನ ತೊಡಕು ಒಂದು ಕಡೆ. ಜೇಬಿನಲ್ಲೇ ತೆರೆದುಕೊಳ್ಳುವ ಅಪಾಯ ಇನ್ನೊಂದು ಕಡೆ. ಬಾಲ್ ಬೇರಿಂಗ್ ಇರುವ ಕೀಲೂ ಬೇಡ. ಅಂಗಡಿಯಲ್ಲಿ ಬೆಣ್ಣೆಯಂತೆ ತಿರುಗುತ್ತದೆ, ಲಡಾಖ್‌ನ ಹಿಟ್ಟಿನಂಥ ಧೂಳು ಹೊಕ್ಕರೆ ಗರಗರ ಎನ್ನುತ್ತದೆ. ಕಂಚಿನ ವಾಷರ್ ಇರಲಿ. ಹಿಡಿಯ ಬೆನ್ನು ತೆರೆದಿದ್ದರೆ ಇನ್ನೂ ಒಳ್ಳೆಯದು, ನೀರು ಸುರಿದು ಊದಿದರೆ ಕಸ ಹೊರಬೀಳುತ್ತದೆ.

ಚಳಿಯ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ನಿಂತು ಚಾಕು ಆರಿಸುವಾಗ ಇದು ಹೊಳೆಯುವುದೇ ಇಲ್ಲ. ಲೇಹ್ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ, ಪೋಸ್ಟ್‌ಗಳು ಅದಕ್ಕೂ ಮೇಲೆ. ಡ್ರಾಸ್‌ನಂಥ ಕಡೆ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಆ ಚಳಿಯಲ್ಲಿ ಅಲ್ಯೂಮಿನಿಯಂ ಹಿಡಿ ಬರಿಗೈಯ ಶಾಖವನ್ನು ಹೀರಿಬಿಡುತ್ತದೆ, ಬೆವರಿದ ಚರ್ಮ ಅದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಜಿ-10 (ಗಾಜಿನೆಳೆಯ ಬಟ್ಟೆಯನ್ನು ರಾಳದಲ್ಲಿ ಒತ್ತಿ ಮಾಡಿದ್ದು), ಮೈಕಾರ್ಟಾ (ಬಟ್ಟೆ ಅಥವಾ ಕಾಗದವನ್ನು ಹಾಗೆಯೇ ಒತ್ತಿ ಮಾಡಿದ್ದು) ಅಥವಾ ಗಾಜಿನೆಳೆ ಸೇರಿಸಿದ ನೈಲಾನ್ ಹಿಡಿ ಬೇಕು. ತೆರೆಯಲು ಅಲಗಿನ ಮೇಲೆ ದೊಡ್ಡ ತೂತು ಅಥವಾ ಎತ್ತರದ ಗುಬುಟು ಇರಬೇಕು. ಉಗುರಿನಿಂದ ಎಳೆಯುವ ಗೀರು ಗವಸಿಗೆ ಸಿಗುವುದಿಲ್ಲ. ಬಾಲದಲ್ಲಿ ದಾರದ ತೂತೂ ಇರಲಿ. ಹಿಮದಲ್ಲಿ ಕೈಜಾರಿ ಬಿದ್ದ ಕಪ್ಪು ಚಾಕುವನ್ನು ಹುಡುಕುವುದು ಕಷ್ಟ, ಒಂದು ಗೇಣು ಕಿತ್ತಳೆ ಬಣ್ಣದ ದಾರ ಕಟ್ಟಿ ಕಳಿಸಿ.

ಎಣ್ಣೆಯಲ್ಲಿ ನಮ್ಮವರು ಎಡವುವುದು ಹೆಚ್ಚು. ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಅಲ್ಲಿ ಕೀಲಿನೊಳಗೆ ಮೇಣವಾಗಿ ಕೂರುತ್ತದೆ. ಗ್ರೀಸ್ ಕೂಡ ಹಾಗೆಯೇ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೇ ಹನಿ, ಆಮೇಲೆ ಪೂರ್ತಿ ಒರೆಸಬೇಕು. ಹೆಚ್ಚು ಎಣ್ಣೆ ಹಾಕಿದಷ್ಟೂ ಧೂಳು ಅಂಟುತ್ತದೆ. ಇನ್ನೊಂದು ತೊಂದರೆ ಬುಖಾರಿ (ಕೋಣೆ ಬಿಸಿಮಾಡುವ ಒಲೆ) ಉರಿಯುವ ಬಂಕರ್‌ನದು. ಹೊರಗಿನ ಚಳಿಯಿಂದ ಒಳಗೆ ತಂದ ಚಾಕುವಿನ ಮೇಲೆ ನೀರು ಬೆವರುತ್ತದೆ. ಅದೇ ಚಾಕು ಮತ್ತೆ ಹೊರಗೆ ಹೋದಾಗ ಲಾಕ್‌ನ ಕಚ್ಚಿನಲ್ಲಿ ಆ ನೀರು ಮಂಜಾಗಿ ಲಾಕ್ ಪೂರ್ತಿ ಬೀಳದಂತೆ ತಡೆಯುತ್ತದೆ. ಒಳಗೆ ಬಂದ ಕಾಲು ಗಂಟೆಯ ನಂತರ ಚಾಕು ತೆರೆದು ಒರೆಸಿ, ತೆರೆದೇ ಒಣಗಲು ಬಿಡುವುದು ರೂಢಿಯಾಗಬೇಕು.

ಈಗ ಸ್ಟೀಲ್. ನಿಮ್ಮ ಬಳಕೆಗೆ ನಾನು ಮೊದಲು ಹೆಸರಿಸುವುದು 14ಸಿ28ಎನ್ ಎಂಬ ಸ್ಟೇನ್‌ಲೆಸ್ ಸ್ಟೀಲ್. ಇಂಗಾಲ ಸುಮಾರು 0.62%, ಕ್ರೋಮಿಯಂ 14%, ಜೊತೆಗೆ ಸ್ವಲ್ಪ ಸಾರಜನಕ. ಬಾಯಿ ಸುಲಭವಾಗಿ ಚಕ್ಕೆ ಏಳುವುದಿಲ್ಲ, ತುಕ್ಕು ಬೇಗ ಹಿಡಿಯುವುದಿಲ್ಲ, ಸಣ್ಣ ಕಲ್ಲಿನ ಮೇಲೆ ಐದು ನಿಮಿಷಕ್ಕೆ ಹರಿತವಾಗುತ್ತದೆ. ಎಯುಎಸ್-8 ಮತ್ತು 8ಸಿಆರ್13ಎಂಒವಿ ಇದಕ್ಕಿಂತ ಬೇಗ ಮೊಂಡಾಗುತ್ತವೆ, ಆದರೆ ಸಾಣೆ ಹಿಡಿಯಲು ಅಷ್ಟೇ ಸುಲಭ. ಡಿ2 ಹರಿತವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ. ಆದರೆ ಅದರ 12% ಕ್ರೋಮಿಯಂನಲ್ಲಿ ದೊಡ್ಡ ಪಾಲು 1.5% ಇಂಗಾಲದ ಜೊತೆ ಕಾರ್ಬೈಡ್ ಆಗಿ ಬಂಧಿಯಾಗಿರುವುದರಿಂದ ತುಕ್ಕಿನ ರಕ್ಷಣೆಗೆ ಉಳಿಯುವುದು ಕಡಿಮೆ. ಒಣ ಹವೆಯ ಲಡಾಖ್‌ಗೆ ನಡೆಯುತ್ತದೆ; ಕಾರವಾರದ ನೌಕಾನೆಲೆಗೆ ಹೊರಟವರಿಗಾದರೆ ಡಿ2 ಬೇಡವೆಂದೇ ಹೇಳುತ್ತಿದ್ದೆ. ಎಸ್35ವಿಎನ್ ಇವೆಲ್ಲಕ್ಕಿಂತ ಮೇಲು, ಆದರೆ ಮೊಂಡಾದ ಮೇಲೆ ವಜ್ರದ ಪುಡಿ ಲೇಪಿಸಿದ ಸಾಣೆಯಿಲ್ಲದೆ ಸುಲಭಕ್ಕೆ ಬಗ್ಗುವುದಿಲ್ಲ. ‘440 ಸ್ಟೀಲ್’ ಅಥವಾ ಬರೀ ‘ಸ್ಟೇನ್‌ಲೆಸ್’ ಎಂದಷ್ಟೇ ಬರೆದಿದ್ದರೆ ಕೊಳ್ಳಬೇಡಿ. 440ಎ, 440ಬಿ, 440ಸಿ ಮೂರೂ ಬೇರೆ ಬೇರೆ. ಒಳ್ಳೆಯ 440ಸಿ ಬಳಸಿದವರು ಆ ‘ಸಿ’ ಅಕ್ಷರವನ್ನು ಬಿಡುವುದಿಲ್ಲ.

ಅಲಗಿನ ಆಕಾರದಲ್ಲಿ ಮೊನೆ ದಪ್ಪಗಿರುವುದನ್ನು ಆರಿಸಿ, ಸೂಜಿಯಂಥ ಮೊನೆ ಮೊದಲು ಮುರಿಯುತ್ತದೆ. ಬುಡದ ಕಡೆ ಮೂರನೇ ಒಂದು ಭಾಗಕ್ಕೆ ಗರಗಸದ ಹಲ್ಲು ಇದ್ದರೆ ನೈಲಾನ್ ಪಟ್ಟಿಗೆ ಅನುಕೂಲ. ಅದನ್ನು ಚೂಪು ಮಾಡಲು ಮೊನಚು ಸಾಣೆಕಡ್ಡಿ ಬೇಕಾಗುತ್ತದೆ, ಅಷ್ಟು ತಾಳ್ಮೆಯಿಲ್ಲದವರಿಗೆ ಸಾದಾ ಬಾಯಿಯೇ ವಾಸಿ.

ಹೆಸರು ಹೇಳುವುದಾದರೆ, ಬಜೆಟ್ ಇದ್ದರೆ ಕೋಲ್ಡ್ ಸ್ಟೀಲ್ ರೀಕಾನ್ 1: ಟ್ರೈ-ಆ್ಯಡ್ ಲಾಕ್, ಜಿ-10 ಹಿಡಿ, ಸುಮಾರು 10 ಸೆಂ.ಮೀ. ಅಲಗು. ನಾನು ಹೇಳಿದ ಅಳತೆಗಿಂತ ತುಸು ಉದ್ದ, ಲಾಕ್‌ಗಾಗಿ ಒಪ್ಪಿಕೊಳ್ಳಬಹುದು. ಅದಕ್ಕಿಂತ ಕಡಿಮೆಗೆ ಒಂಟಾರಿಯೋ ರ್‍ಯಾಟ್-1: ಸುಮಾರು 9 ಸೆಂ.ಮೀ. ಅಲಗು, 140 ಗ್ರಾಂ ಆಸುಪಾಸು ತೂಕ, ಲೈನರ್ ಲಾಕ್, ಎಯುಎಸ್-8 ಅಥವಾ ಡಿ2. ಮೂರನೆಯದು ಸ್ವಿಸ್ ಸೇನೆ 2008ರಲ್ಲಿ ಆರಿಸಿಕೊಂಡ ವಿಕ್ಟೋರಿನಾಕ್ಸ್ ಸೈನಿಕರ ಚಾಕು: ಮಡಚಿದಾಗ 111 ಮಿ.ಮೀ. ಉದ್ದ, 131 ಗ್ರಾಂ, ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಹಲ್ಲಿನ ಅಲಗು, ಜೊತೆಗೆ ಮರಗರಗಸ, ಡಬ್ಬ ತೆರೆಯುವ ಉಪಕರಣ, ಸ್ಕ್ರೂಡ್ರೈವರ್, ತೂತು ಕೊರೆಯುವ ಮೊಳೆ. ಸ್ಟೀಲ್ ಮೆತ್ತಗೆ, ಬೇಗ ಮೊಂಡಾಗುತ್ತದೆ. ಆದರೂ ಒಂದು ಸೇನೆ ತನ್ನ ಸೈನಿಕನ ಜೇಬಿಗೆ ಏನು ಬೇಕೆಂದು ಯೋಚಿಸಿದಾಗ ಗರಗಸ, ಸ್ಕ್ರೂಡ್ರೈವರ್‌ಗಳನ್ನೂ ಬರೆಸಿತು ಎಂಬುದು ಗಮನಿಸಬೇಕಾದ ಮಾತು. ಓಪಿನೆಲ್ ಅಡುಗೆಗೆ ಚೆಂದದ ಚಾಕು. ಅದರ ಮರದ ಹಿಡಿ ನೆನೆದರೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ, ಲಾಕ್‌ನ ಬಳೆ ಗವಸಿನಲ್ಲಿ ತಿರುಗುವುದಿಲ್ಲ.

ಆನ್‌ಲೈನ್‌ನಲ್ಲಿ ನಕಲಿ ವಿಪರೀತ. ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ, ಬಂದ ದಿನವೇ ಪರೀಕ್ಷಿಸಿ. ಅಲಗು ತೆರೆದು ಮೊನೆಯನ್ನು ಎಚ್ಚರದಿಂದ ಹಿಡಿದು ಅಲುಗಾಡಿಸಿ. ಎಡ-ಬಲ ಆಡಿದರೆ ಕೀಲಿನ ತಿರುಪನ್ನು ಎಂಟನೇ ಒಂದು ಸುತ್ತು ಬಿಗಿದರೆ ಸರಿಹೋಗುತ್ತದೆ. ಮೇಲೆ-ಕೆಳಗೆ ಆಡಿದರೆ ಅದು ಲಾಕ್‌ನ ದೋಷ, ವಾಪಸ್ ಕಳಿಸಿ. ಲೈನರ್ ಲಾಕ್ ಆದರೆ ತಗಡು ಅಲಗಿನ ಬುಡದ ಅಗಲದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಬಂದಿರಬೇಕು. ಅಂಚಿನಲ್ಲೇ ನಿಂತಿದ್ದರೂ ತಪ್ಪು, ಆ ಕೊನೆ ಮುಟ್ಟಿದ್ದರೂ ತಪ್ಪು. ಆಮೇಲೆ ಹಿಡಿಯ ಎರಡು ಪಕ್ಕವನ್ನಷ್ಟೇ ಬೆರಳಲ್ಲಿ ಒತ್ತಿ ಹಿಡಿದು, ಅಲಗು ಮಡಚಿಕೊಳ್ಳುವ ದಾರಿಯಲ್ಲಿ ಬೆರಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆನ್ನನ್ನು ದಪ್ಪ ಪುಸ್ತಕದ ಮೇಲೆ ಐದಾರು ಸಲ ಮೆಲ್ಲಗೆ ಬಡಿಯಿರಿ. ಒಮ್ಮೆ ಜಾರಿದರೂ ಆ ಚಾಕು ಬೇಡ.

ಕಾನೂನಿನ ಮಾತು ಎರಡೇ. ಆರ್ಮ್ಸ್ ರೂಲ್ಸ್‌ನಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಪ್ರಸ್ತಾಪವಿದೆ, ನಾವು ಹೇಳುತ್ತಿರುವುದು ಅದಕ್ಕಿಂತ ತುಂಬ ಚಿಕ್ಕದು. ಆದರೆ ದೆಹಲಿಯಲ್ಲಿ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದ ಗುಂಡಿ ಚಾಕು, ಸ್ಪ್ರಿಂಗ್ ಚಾಕುಗಳಿಗೆ ಪ್ರತ್ಯೇಕ ಅಧಿಸೂಚನೆಯೇ ಇದೆ, ಲೇಹ್‌ಗೆ ಹೋಗುವವರು ಆ ಊರು ಹಾಯುವುದು ಸಾಮಾನ್ಯ. ವಿಮಾನದಲ್ಲಿ ಕ್ಯಾಬಿನ್ ಚೀಲಕ್ಕೆ ಹಾಕಬಾರದು, ಚೆಕ್-ಇನ್ ಚೀಲದಲ್ಲಿ ಸುತ್ತಿ ಇಡಬೇಕು. ಯೂನಿಟ್‌ನಲ್ಲಿ ಖಾಸಗಿ ಚಾಕುವಿಗೆ ಅನುಮತಿ ಇದೆಯೇ ಎಂದು ತಮ್ಮನವರು ಕೊಳ್ಳುವ ಮೊದಲೇ ಕೇಳಿಕೊಳ್ಳಲಿ.

ಚಾಕುವಿನ ಜೊತೆ ಒಂದು ಸಣ್ಣ ಪೊಟ್ಟಣ ಕಟ್ಟಿ ಕೊಡಿ: ಕೀಲಿನ ತಿರುಪಿಗೂ ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿನ ತಿರುಪಿಗೂ ಹೊಂದುವ, ಆರು ಮೂಲೆಯ ನಕ್ಷತ್ರದಂಥ ತುದಿಯ ಟಾರ್ಕ್ಸ್ ಕೀಲಿಕೈ (ಸಾಮಾನ್ಯವಾಗಿ ಟಿ8 ಮತ್ತು ಟಿ6), ಬೆರಳುದ್ದದ ವಜ್ರದ ಸಾಣೆ, ತೆಳು ಎಣ್ಣೆಯ ಪುಟ್ಟ ಸೀಸೆ, ಹಳೆಯ ಹಲ್ಲುಜ್ಜುವ ಬ್ರಷ್. ಮೊದಲು ಕಳಚಿಕೊಳ್ಳುವುದು ಕ್ಲಿಪ್ಪಿನ ತಿರುಪುಗಳು. ಕಳಿಸುವ ಹಿಂದಿನ ದಿನ ಅವನ್ನು ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿ ಬಿಗಿದು, 24 ಗಂಟೆ ಮುಟ್ಟದೆ ಬಿಡಿ. ಕೀಲಿನ ವಾಷರ್‌ಗೆ ಅದು ಹರಿಯಬಾರದು, ಹರಿದರೆ ಅಲಗು ಕಚ್ಚಿಕೊಳ್ಳುತ್ತದೆ. ಸಾಣೆಯ ಕೋನವನ್ನು ಹೀಗೆ ಹೇಳಿಕೊಡಿ: ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ವಾಲಿಸಿ, ಆ ಅರ್ಧದಲ್ಲಿ ಮತ್ತರ್ಧ ವಾಲಿಸಿ, ಆಮೇಲೆ ಕೂದಲೆಳೆಯಷ್ಟು ತಗ್ಗಿಸಿ. ಅದೇ 20 ಡಿಗ್ರಿ.