ಹಿಮ ಬೀಳದಿದ್ದರೂ ಬ್ಲಿಜರ್ಡ್ ಹೇಗೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಫಾರ್ಗೊ ಊರಲ್ಲಿ ಓದುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, ‘ಅವ್ವಾ, ಇವತ್ತ ಬ್ಲಿಜರ್ಡ್ ಐತಿ, ಕಾಲೇಜ್ ಸೂಟಿ. ಮ್ಯಾಲಿಂದ ಹಿಮಾ ಮಾತ್ರ ಬೀಳಾಕತ್ತಿಲ್ಲ’ ಅಂದ. ಹಿಮ ಬೀಳದಿದ್ದರೆ ಸೂಟಿ ಯಾಕೆ? ಸುಳ್ಳು ಹೇಳುತ್ತಿದ್ದಾನಾ? ನಿಜವಾದರೆ ಎಷ್ಟು ಅಪಾಯ?
– ಓದುಗರೊಬ್ಬರು, ಸಿಂದಗಿ

ಉತ್ತರ: ಅಕ್ಕಾವ್ರೆ, ಮಗನನ್ನು ಬೈಯಬೇಡಿ, ಅವನು ಹೇಳಿದ್ದು ನಿಜವೇ ಇರಬೇಕು. ಬ್ಲಿಜರ್ಡ್ ಅಂದರೆ ಜೋರು ಹಿಮ ಬೀಳುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ಅಮೆರಿಕದ ಹವಾಮಾನ ಇಲಾಖೆ ಎಷ್ಟು ಹಿಮ ಬಿತ್ತು ಅಂತ ನೋಡುವುದೇ ಇಲ್ಲ. ಗಾಳಿ ಗಂಟೆಗೆ 56 ಕಿ.ಮೀ. ಮೀರಬೇಕು, ಹಾರುವ ಹಿಮದಲ್ಲಿ 400 ಮೀಟರ್ ಆಚೆ ಏನೂ ಕಾಣಬಾರದು, ಇದು 3 ಗಂಟೆಯಾದರೂ ನಡೆಯಬೇಕು.

ಕಣದಲ್ಲಿ ಜೋಳ ತೂರುವಾಗ ಗಾಳಿ ಸ್ವಲ್ಪ ತಿರುಗಿದರೆ ಹೊಟ್ಟೆಲ್ಲ ಮೋರೆಗೇ ಬರುತ್ತದೆ, ಎದುರಿಗೆ ಮೊರ ಹಿಡಿದು ನಿಂತವರೂ ಕಾಣುವುದಿಲ್ಲ, ಅಲ್ವಾ? ಅಲ್ಲಿಯೂ ಹಾಗೇ. ಮೊದಲೇ ಬಿದ್ದ ಹಿಮ ಕಡು ಚಳಿಗೆ ಹಿಟ್ಟಿನಂತೆ ಪುಡಿಯಾಗಿರುತ್ತದೆ. ಫಾರ್ಗೊ ಸುತ್ತಲಿನ ನೆಲ ನಮ್ಮ ಡೋಣಿ ಸಾಲಿನ ಎರೆ ಹೊಲದಂತೆ ಸಪಾಟು. ಕೆನಡಾ ಕಡೆಯಿಂದ ನುಗ್ಗುವ ಗಾಳಿಗೆ ಗುಡ್ಡದ ಅಡ್ಡಿಯಿಲ್ಲ. ಅದು ಆ ಪುಡಿಯನ್ನೇ ಎಬ್ಬಿಸುತ್ತದೆ.

ಹಿಮ ಬೀಳುತ್ತಲೇ ಬರುವ ಬ್ಲಿಜರ್ಡ್ ಬೇರೆ. ಉತ್ತರದ ತಣ್ಣನೆ ಒಣಗಾಳಿಗೆ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆ ತೇವದ ಗಾಳಿ ಎದುರಾಗುತ್ತದೆ. ಬೆಚ್ಚಗಿನದು ಹಗುರ, ಹಾಗಾಗಿ ತಣ್ಣನೆ ಗಾಳಿಯ ಮೇಲೆ ಏರುತ್ತದೆ. ಮೇಲೇರಿದಂತೆ ಅದರ ತೇವ ಹಿಮವಾಗುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ, ಅಲ್ಲಿಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಒತ್ತಡದ ವ್ಯತ್ಯಾಸ ಎಷ್ಟು ಜಾಸ್ತಿಯೋ ಗಾಳಿಯೂ ಅಷ್ಟು ಜೋರು.

ಅಪಾಯದ ವಿಷಯಕ್ಕೆ ಬಂದರೆ, ಚಳಿಗಿಂತ ಮೊದಲು ಕಣ್ಣು ಕೈಕೊಡುತ್ತದೆ. ನೆಲ, ಆಕಾಶ ಎರಡೂ ಬಿಳಿ. ದಿಕ್ಕೇ ತಿಳಿಯುವುದಿಲ್ಲ. ಹಿಂದೆ ಅಲ್ಲಿನ ರೈತರು ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟಿ, ಅದನ್ನೇ ಹಿಡಿದು ಹೋಗಿಬರುತ್ತಿದ್ದರು. 1888ರ ಜನವರಿ 12ರಂದು ಆ ಬಯಲು ನಾಡಿನಲ್ಲಿ ಹವೆ ಹಿತವಾಗಿದೆಯೆಂದು ಜನ ಹೊರಬಿದ್ದಿದ್ದರು. ಅಷ್ಟರಲ್ಲಿ ಬ್ಲಿಜರ್ಡ್ ಬಡಿದು 200ಕ್ಕೂ ಹೆಚ್ಚು ಮಂದಿ ಸತ್ತರು. ಎಷ್ಟೋ ಜನ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳು. 1972ರಲ್ಲಿ ಇರಾನಿನಲ್ಲಿ ಸತ್ತವರು ಸುಮಾರು 4,000.

ಗಾಳಿ ಚಳಿಯನ್ನೂ ಹೆಚ್ಚಿಸುತ್ತದೆ. ಡಿಸೆಂಬರ್ ಬೆಳಗ್ಗೆ ಬೈಕ್ ಹತ್ತಿ ಸಿಂದಗಿಯಿಂದ ವಿಜಯಪುರಕ್ಕೆ ಬಂದವರಿಗೆ ಇದು ಗೊತ್ತು. ಮೈನಸ್ 18 ಡಿಗ್ರಿಯಲ್ಲಿ ಗಾಳಿ ಬರೀ 24 ಕಿ.ಮೀ. ಬೀಸಿದರೂ ಮೈಗೆ ಮೈನಸ್ 28ರಂತೆ ತಾಗುತ್ತದೆ. ಅರ್ಧ ಗಂಟೆಯಲ್ಲಿ ಕಿವಿ, ಮೂಗು, ಬೆರಳು ಹೆಪ್ಪುಗಟ್ಟಬಹುದು.

ನನಗೆ ಹೆಚ್ಚು ಭಯ ಕಾರಿನದು. ಹೂತ ಕಾರಲ್ಲಿ ಹೀಟರ್ ಹಾಕಿಕೊಂಡು ಸುಮ್ನೆ ಕೂರುತ್ತಾರೆ. ಹಿಂದೆ ಹೊಗೆ ಕೊಳವೆಗೆ ಹಿಮ ತುಂಬಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ಒಳಗೇ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ. ಕಾರು ಸಿಕ್ಕಿಕೊಂಡರೆ ಇಳಿದು ನಡೆಯಬೇಡ, ಕೊಳವೆಗೆ ತುಂಬಿದ ಹಿಮ ತೆಗೆದು ಗಂಟೆಗೆ ಹತ್ತೇ ನಿಮಿಷ ಎಂಜಿನ್ ಹಾಕು, ಕಿಟಕಿ ಚೂರು ತೆಗೆದಿಡು ಅಂತ ಹೇಳಿ. ಕಂಬಳಿ, ಸಲಿಕೆ, ಟಾರ್ಚ್ ಕಾರಲ್ಲೇ ಇರಲಿ. ತಿನ್ನಲು ನೀವು ಕಳಿಸುವ ಶೇಂಗಾ ಹೋಳಿಗೆ ಆಗುತ್ತದೆ, ಅಲ್ಲಿಯವರೆಗೆ ಅವನು ಉಳಿಸಿಕೊಂಡಿದ್ದರೆ.