ಅನಿಮೆಗೆ (ಜಪಾನಿ ಅನಿಮೇಷನ್‌ಗೆ) ಹೊಸಬರು ಯಾವ ಜಪಾನಿ ಕಂಠದಾನ ಕಲಾವಿದೆಯರನ್ನು ಮೊದಲು ಕೇಳಬೇಕು?

ನಾನು ಮೊದಲು ಹೇಳುವ ಹೆಸರು ಮಸಾಕೊ ನೊಜಾವಾ. 1936ರಲ್ಲಿ ಹುಟ್ಟಿದ ಇವರು 1986ರಿಂದ 'ಡ್ರ್ಯಾಗನ್ ಬಾಲ್'ನ ಗೋಕುಗೆ ದನಿಯಾಗಿದ್ದಾರೆ. ಗೋಕು ಬೆಳೆದು ದೊಡ್ಡವನಾದ ಮೇಲೂ ಅದೇ ದನಿ. ಅವನ ಮಕ್ಕಳಾದ ಗೋಹಾನ್, ಗೋಟೆನ್ ಕೂಡ ಇವರೇ! ಅಪ್ಪ-ಮಗ ಮಾತಾಡುವ ದೃಶ್ಯ ಕೇಳಿ, ಎರಡೂ ಒಬ್ಬರೇ ಅಂತ ನಂಬೋದು ಕಷ್ಟ.

ಹುಡುಗರ ಪಾತ್ರಕ್ಕೆ ಹೆಂಗಸರು ದನಿ ಕೊಡುವುದು ಅಲ್ಲಿ ಮಾಮೂಲು. ವರ್ಷಗಟ್ಟಲೆ ನಡೆಯುವ ಸರಣಿಯಲ್ಲಿ ಬಾಲನಟರ ದನಿ ಒಡೆದುಬಿಡುತ್ತದೆ ಅಲ್ವಾ? 'ಒನ್ ಪೀಸ್'ನ ಲೂಫಿಗೆ ದನಿ ಮಯೂಮಿ ತನಾಕಾ ಅವರದು, 'ನರುಟೊ' ಸರಣಿಯ ನರುಟೊಗೆ ಜುಂಕೊ ತಕೆಉಚಿ ಅವರದು.

ನನಗೆ ಜಾಸ್ತಿ ಇಷ್ಟ ಮೆಗುಮಿ ಹಯಾಶಿಬಾರಾ. ನರ್ಸಿಂಗ್ ಓದುತ್ತಲೇ ದನಿಯ ತರಬೇತಿ ಪಡೆದವರು. 1995ರ 'ಇವಾಂಗೆಲಿಯನ್'ನಲ್ಲಿ ರೇ ಪಾತ್ರವನ್ನು ಏರಿಳಿತವೇ ಇಲ್ಲದ ಮೆಲುದನಿಯಲ್ಲಿ ನುಡಿದರು. ಆಮೇಲೆ ಬಂದ ಎಷ್ಟೋ ಮೌನಿ ಹುಡುಗಿಯರ ಪಾತ್ರಗಳಲ್ಲಿ ಅದರ ನೆರಳಿದೆ. ಪೊಕೆಮಾನ್‌ನಲ್ಲಿ ಕಿರುಚಾಡುವ ಟೀಮ್ ರಾಕೆಟ್‌ನ ಜೆಸ್ಸಿಯೂ ಮೂಲ ಜಪಾನಿಯಲ್ಲಿ ಇವರೇ.

ಈಗಿನವರಲ್ಲಿ ಆಓಯಿ ಯೂಕಿ. 2011ರ 'ಮದೋಕಾ ಮಾಜಿಕಾ'ದಲ್ಲಿ ಮೃದು ಸ್ವಭಾವದ ಮದೋಕಾ, 2023ರ 'ದಿ ಅಪೋಥೆಕರಿ ಡೈರೀಸ್'ನಲ್ಲಿ ಚುರುಕುಬುದ್ಧಿಯ ಮಾವೊಮಾವೊ. ಈ ಎರಡರಿಂದಲೇ ಶುರುಮಾಡಬಹುದು. ಡಬ್ಬಿಂಗ್ ಬೇಡ, ಜಪಾನಿ ಆಡಿಯೊ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ.